ಬೆನುವೆಲ್ ನಗುವಾಗ ಮುಚ್ಚುತ್ತಿದ್ದ ಕಣ್ಣು

ಎನೊಸ್ ಕುದುರೆಬಂಡಿಯೊಂದರ ಮಗ್ಗುಲಿಗೆ ಸೀಮೆಸುಣ್ಣದಲ್ಲಿ ಅಂಕೆ ಬರೆಯುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. ಜೋಳದ ಹೊಲದ ಪಕ್ಕದ ದಾರಿಯಲ್ಲಿ ಇಂಗ್ಲಿಷ್ ಹೆಂಗಸೊಬ್ಬಳು ನಡೆದು ಬರುತ್ತಿದ್ದಳು. ನಮ್ಮ ಪಂಥದವರಲ್ಲದವರೆಲ್ಲ ನಮಗೆ ಇಂಗ್ಲಿಷರೇ, ಅವರ ಅಜ್ಜ ಯಾವ ದೇಶದಿಂದ ಬಂದಿದ್ದರೂ ಸರಿ. ಅವಳು ಎರಡೂ ಕೈ ಮೈಯಿಂದ ದೂರ ಹಿಡಿದುಕೊಂಡಿದ್ದಳು, ಏನೂ ತಂದಿಲ್ಲ ನೋಡಿ ಎನ್ನುವವರ ಹಾಗೆ.

"ಅಲ್ಲೇ ನಿಲ್ಲಿ. ನಿಮ್ಮೋರೆಲ್ಲಾ ಹಿಟ್ಟಿನ ಗಿರಣಿ ಹತ್ರಾನೇ ಇರ್ತೀವಿ ಅಂತ ಮಾತು ಕೊಟ್ಟಿದಾರೆ," ಎಂದ ಎನೊಸ್. "ನಾನಿಲ್ಲಿ ಬಂಡಿಗಳಿಗೆ ನಂಬರ್ ಹಾಕ್ತಿದೀನಿ. ನಿಮಗೂ ಒಂದು ಹಾಕ್ಲಾ?"

"ಕ್ಯಾಮೆರಾ ಕಾರಲ್ಲೇ ಬಿಟ್ಟು ಬಂದಿದೀನಿ. ನನ್ನ ಹೆಸರು ಗ್ವೆನ್, ಊರ ಪೇಪರ್‌ನೋಳು. ಬೆನುವೆಲ್ ಅವರ ಹೆಂಡತೀನ ಒಂದು ನಿಮಿಷ ನೋಡ್ಬೇಕಿತ್ತು."

"ಇವತ್ತೇನಾ?"

"ನಾಳೆ ಬಂದ್ರೆ ಉಪಯೋಗ ಇಲ್ಲ."

ಎನೊಸ್ ಸತ್ತ ಬೆನುವೆಲ್‌ನ ಅಕ್ಕನ ಗಂಡ. ಯಾವ ಬಂಡಿ ಯಾವುದರ ಹಿಂದೆ ಸ್ಮಶಾನಕ್ಕೆ ಹೊರಡಬೇಕೆಂದು ಅಂಕೆ ಹಾಕುವುದು ಅವತ್ತು ಅವನ ಪಾಲಿಗೆ ಬಂದ ಕೆಲಸ. ಹೆಂಗಸರನ್ನು ಬಾಗಿಲಿಂದ ವಾಪಸು ಕಳಿಸುವುದು ಹೇಗೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸುಣ್ಣ ಮೆತ್ತಿದ ಬೆರಳನ್ನು ಅಡುಗೆಮನೆಯ ಹಿಂಬಾಗಿಲ ಕಡೆ ತೋರಿಸಿದ.

ಮೂರು ದಿನದ ಹಿಂದೆ, ಮಂಜು ಕವಿದ ಬೆಳಿಗ್ಗೆ, ಬೆನುವೆಲ್ ರಿಪೇರಿ ಮಾಡಿದ ಬೆಂಚುಗಳನ್ನು ಗಾಡಿಯಲ್ಲಿ ಶಾಲೆಗೆ ಸಾಗಿಸುತ್ತಿದ್ದ. ಇಳಿಜಾರಿನಲ್ಲಿ ಜಲ್ಲಿ ಲಾರಿಯೊಂದು ಬ್ರೇಕ್ ಹಿಡಿಯದೆ ಬಂತು. ರಸ್ತೆ ದಾಟುತ್ತಿದ್ದ ಮಕ್ಕಳನ್ನು ಅವನು ಸಿಕ್ಕ ಸಿಕ್ಕ ಹಾಗೆ ಚರಂಡಿಗೆ ನೂಕಿದ. ಮಕ್ಕಳೆಲ್ಲ ಉಳಿದವು, ಅವನು ಉಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಟಿವಿಯವರ ವ್ಯಾನುಗಳು ಗಿರಣಿಯ ಅಂಗಳ ತುಂಬಿದವು. ಎಲ್ಲರಿಗೂ ಬೇಕಾಗಿದ್ದು ಅವನ ಮುಖ, ಮತ್ತು ಆ ಮುಖ ಎಲ್ಲೂ ಇರಲಿಲ್ಲ. ನಾವು ಫೋಟೊಕ್ಕೆ ನಿಲ್ಲುವವರಲ್ಲ. ತನ್ನ ಮುಖವನ್ನೇ ತಾನು ಗೋಡೆಗೆ ತೂಗುಹಾಕಿ ನೋಡುವವನು ದೇವರನ್ನು ಯಾವಾಗ ನೋಡಿಯಾನು ಎಂದು ನಮ್ಮ ಹಿರಿಯರ ಪ್ರಶ್ನೆ. ಬಿಷಪ್ ಸೈಲಸ್ ಮತ್ತು ಊರ ಪತ್ರಿಕೆಯ ಸಂಪಾದಕ ಅಗ್ನಿಶಾಮಕ ಠಾಣೆಯಲ್ಲಿ ಎದುರುಬದುರು ಕೂತು ಮಾತಾಡಿದರು. ಸಂಪಾದಕ ಹೊರಬಂದು ದೂರದಿಂದ ಬಂದವರಿಗೂ ಹೇಳಿದ: ಮುಖ ಬೇಡ, ಅವರ ಅಂಗಳಕ್ಕೆ ಕಾಲಿಡುವುದು ಬೇಡ, ಶವಯಾತ್ರೆ ಗಿರಣಿ ದಾಟುವಾಗ ಕ್ಯಾಮೆರಾ ನೆಲದ ಮೇಲಿರಲಿ. ಒಂದಿಬ್ಬರು ಗೊಣಗಿದರು. ಆದರೆ ಒಪ್ಪಿದರು, ಅದನ್ನು ಹೇಳಲೇಬೇಕು.

ಅಡುಗೆಮನೆಯಲ್ಲಿ ಹೆಂಗಸರು ಬಕೆಟ್ಟುಗಟ್ಟಲೆ ಆಲೂಗಡ್ಡೆ ಸುಲಿಯುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ ಒಣದ್ರಾಕ್ಷಿಯ ಪೈಗಳು ಆರುತ್ತಿದ್ದವು. ಬೆನುವೆಲ್‌ನ ತಾಯಿ ಫ್ರೋನಿಯ ಚಾಕುವೂ ಬಾಯಿಯೂ ಒಟ್ಟಿಗೇ ಓಡುತ್ತಿದ್ದವು.

"ಹೀರೋ ಅಂತೆ, ಹೀರೋ! ಪೇಪರ್‌ನಲ್ಲಿ ಹಾಗಂತ ಬರ್ದಿದಾರಂತೆ. ಹೋದ ಭಾನುವಾರ ಪ್ರಾರ್ಥನೇಲಿ ಗೊರಕೆ ಹೊಡ್ದು ನನ್ನ ಮಾನ ಕಳ್ದ. ಇವನು ಹೀರೋನಾ?" ಅಂದವಳೇ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡಳು.

ಮಾಲಿಂಡಾ ಕಬ್ಬಿಣದ ಸೌದೆ ಒಲೆಯ ಪಕ್ಕ ಕೂತಿದ್ದಳು. ಅವಳಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ. ಗಂಡ ಸತ್ತವಳಿಗೆ ಅವತ್ತು ಕೆಲಸ ಕೊಡುವುದಿಲ್ಲ, ಕೊಟ್ಟಿದ್ದರೆ ಅವಳಿಗೆ ವಾಸಿಯಿತ್ತು. ಅವಳ ಮೂರು ವರ್ಷದ ಮಗಳು ಲೋವಿನಾ ಮೇಜಿನ ಕೆಳಗೆ ಆಲೂಗಡ್ಡೆ ಸಿಪ್ಪೆ ಜೋಡಿಸುತ್ತ ಕೂತಿತ್ತು.

ಗ್ವೆನ್ ಒಳಗೆ ಬಂದಾಗ ಚಾಕುಗಳೆಲ್ಲ ನಿಂತವು. ಅವಳು ಕೋಟಿನೊಳಗಿಂದ ಕಂದು ಲಕೋಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇದ್ರಲ್ಲಿ ಅವರ ಫೋಟೊ ಇದೆ," ಎಂದಳು. "ನಾನೇ ತೆಗೆದಿದ್ದು. ಮಾರ್ಚ್ ಹರಾಜಿನಲ್ಲಿ."

*

ಹಿಮ ಕರಗುವ ಕಾಲಕ್ಕೆ ಅಗ್ನಿಶಾಮಕ ಠಾಣೆಯ ಖರ್ಚಿಗೆಂದು ನಡೆಯುವ ಹರಾಜದು. ಮೊಣಕಾಲುದ್ದ ಕೆಸರು, ಕೌದಿಗಳು, ಹಳೇ ನೇಗಿಲುಗಳು, ಇಂಗ್ಲಿಷರೂ ನಾವೂ ಒಟ್ಟಿಗೆ. ಬೆನುವೆಲ್‌ಗೆ ಒಂದು ಚಟವಿತ್ತು, ಕೆಟ್ಟ ಗಡಿಯಾರ ಕೊಳ್ಳುವುದು. ಈ ಚಳಿಗಾಲದಲ್ಲಿ ರಿಪೇರಿ ಮಾಡ್ತೀನಿ ನೋಡು ಅನ್ನುತ್ತಿದ್ದ, ಮಾಡಿದ್ದು ಒಂದೂ ಇಲ್ಲ. ಕೊಟ್ಟಿಗೆಯ ಅಟ್ಟದಲ್ಲಿ ಅವು ಒಂದರ ಮೇಲೊಂದು ಬಿದ್ದಿದ್ದವು. "ಇನ್ನೊಂದು ತಂದ್ರೆ ನೀನೂ ಅದರ ಜೊತೆ ಅಟ್ಟದಲ್ಲೇ ಮಲ್ಕೋ," ಎಂದು ಮಾಲಿಂಡಾ ಎಚ್ಚರಿಸಿದ್ದಳು.

ಅವತ್ತು ಮುಳ್ಳುಗಳೇ ಇಲ್ಲದ ಗಡಿಯಾರವೊಂದು ಬಂತು. ಕೈಯೆತ್ತಿದವನು ಬೆನುವೆಲ್ ಒಬ್ಬನೇ.

"ಲೋ, ಇದ್ರಲ್ಲಿ ಟೈಮ್ ಹೆಂಗೋ ನೋಡ್ತೀಯಾ?" ಎಂದು ಹರಾಜಿನವನು ಕೂಗಿದ.

"ನನಗೇನೂ ಅರ್ಜೆಂಟಿಲ್ಲ," ಎಂದ ಬೆನುವೆಲ್.

ಇಡೀ ಚಪ್ಪರ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಅವನೇ. ಕೌದಿಗಳ ಫೋಟೊ ತೆಗೆಯುತ್ತಿದ್ದ ಗ್ವೆನ್ ಆ ನಗುವಿನ ಕಡೆ ತಿರುಗಿದಳು, ಬೆರಳು ತಡೆಯಲಿಲ್ಲ. ಅವನು ನೋಡಿಬಿಟ್ಟ. ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಕೆಸರು ತುಳಿಯುತ್ತ ಬಂದ.

"ತೆಗೆದ್ಬಿಟ್ರಾ ಅಕ್ಕಾ?"

"ತಪ್ಪಾಯ್ತು. ಈಗಲೇ ಅಳಿಸ್ತೀನಿ."

"ಯಾರಿಗೂ ತೋರಿಸ್ಬೇಡಿ, ಅಷ್ಟೇ. ಮುಖ್ಯವಾಗಿ ನನ್ನ ಹೆಂಡ್ತಿಗೆ. ಈ ಗಡಿಯಾರ ಕಣ್ಣಿಗೆ ಬಿದ್ರೆ ನನ್ನ ಕತೆ ಮುಗೀತು."

*

ಗ್ವೆನ್ ಇದನ್ನು ಹೇಳಿ ಮುಗಿಸಿದಾಗ ಅಡುಗೆಮನೆಯ ಹೆಂಗಸರು ನಕ್ಕರು. ನಗುತ್ತಿದ್ದ ಹಾಗೇ ಒಬ್ಬಳಿಗೆ ಅಳು ಬಂತು, ಆಮೇಲೆ ಎಲ್ಲರಿಗೂ.

"ಅಟ್ಟದಲ್ಲಿ ಆ ಮುಳ್ಳಿಲ್ಲದ್ದು ಎಲ್ಲಿಂದ ಬಂತು ಅಂದಿದ್ದಕ್ಕೆ, ಮೊದ್ಲಿಂದಾನೂ ಇತ್ತಲ್ಲ ಅಂದ ಕಳ್ಳ," ಎಂದಳು ಮಾಲಿಂಡಾ. ಮೂರು ದಿನದಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದು.

"ಅವತ್ತೇ ಅಳಿಸ್ಬೇಕಿತ್ತು, ಮನಸ್ಸು ಬರ್ಲಿಲ್ಲ," ಎಂದಳು ಗ್ವೆನ್. "ಮೊನ್ನೆಯಿಂದ ದೊಡ್ಡ ದೊಡ್ಡ ಊರಿನೋರು ಫೋನ್ ಮಾಡ್ತಿದಾರೆ, ಮುಖ ಇದ್ರೆ ಕೊಡಿ ಅಂತ. ನಮ್ಮ ಸಂಪಾದಕರಿಗೆ ಹೇಳ್ದೆ. 'ಅದು ನಮ್ದಲ್ಲ, ಅವರಿಗೆ ಕೊಟ್ಟು ಬಾ' ಅಂದ್ರು. ಕ್ಯಾಮೆರಾದಲ್ಲಿದ್ದಿದ್ದು ಅಳಿಸಿದೀನಿ. ಉಳಿದಿರೋದು ಇದೊಂದೇ. ಹರಿದು ಹಾಕ್ಬೇಕು ಅಂತಿದ್ದೆ, ಚಿಕ್ಕ ಮಗು ಇದೆ ಅಂತ ಗೊತ್ತಾಯ್ತು."

ಮಾಲಿಂಡಾ ಮೇಜಿನ ಕೆಳಗೆ ನೋಡಿದಳು.

*

ಮಾಲಿಂಡಾಳ ಅಪ್ಪ ಮೇವಿನ ಗೋಪುರದಿಂದ ಬಿದ್ದು ಸತ್ತಾಗ ಅವಳಿಗೆ ನಾಲ್ಕು ವರ್ಷ. ಅಮ್ಮ ಅವಳನ್ನು ಎತ್ತಿ ಪೆಟ್ಟಿಗೆಯೊಳಗೆ ತೋರಿಸಿದ್ದಳು. ಮಾಲಿಂಡಾ ಹೆದರಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಕಣ್ಣು ಬಿಡುವಷ್ಟರಲ್ಲಿ ಸಾಲು ಮುಂದೆ ಸರಿದಿತ್ತು.

ಆಮೇಲೆ ಅವಳಿಗೆ ಅಪ್ಪ ಎಂದರೆ ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿದ್ದ ಟೋಪಿ. ದಿನಾ ಮಲಗುವ ಮುಂಚೆ ಅದರ ಕೆಳಗೆ ನಿಂತು, "ಅಪ್ಪಾ, ಮಲಗ್ತೀನಿ," ಎಂದು ಹೇಳಿಯೇ ಹೋಗುತ್ತಿದ್ದಳು. ಒಂದು ಚಳಿಗಾಲ ಅಮ್ಮ ಆ ಟೋಪಿಯನ್ನು ಅಣ್ಣನಿಗೆ ಕೊಟ್ಟಳು, ತಲೆಗೆ ಸರಿಹೋಗಿತ್ತು. ಸಂಜೆ ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತಿದ್ದವನ ಕಾಲನ್ನು ಮಾಲಿಂಡಾ ಓಡಿಹೋಗಿ ತಬ್ಬಿಕೊಂಡಳು. ಅವನು ತಿರುಗಿದ, ಅಣ್ಣ. ಅವತ್ತು ಅವಳ ಅಪ್ಪ ಎರಡನೇ ಸಲ ಸತ್ತ.

ದೊಡ್ಡವಳಾದ ಮೇಲೆ ಕಂಡವರನ್ನೆಲ್ಲ ಕೇಳಿದಳು, ಅಪ್ಪ ಹೇಗಿದ್ದ ಅಂತ. ಒಳ್ಳೇ ಮನುಷ್ಯ ಕಣಮ್ಮಾ, ಎನ್ನುತ್ತಿದ್ದರು ಎಲ್ಲರೂ. ಒಳ್ಳೇ ಮನುಷ್ಯನ ಮೂಗು ಹೇಗಿತ್ತು ಎಂದು ಒಬ್ಬರೂ ಹೇಳಲಿಲ್ಲ.

*

"ನೀವು ನೋಡಿದೀರಲ್ಲ," ಎಂದಳು ಮಾಲಿಂಡಾ ಗ್ವೆನ್‌ಗೆ. "ಬಾಯಲ್ಲಿ ಹೇಳಿ. ಹೆಂಗಿದಾನೆ?"

"ತುಂಬಾ ಒಳ್ಳೆಯವರ ಥರ..."

"ಅದು ಬೇಡ. ಮುಖ ಹೇಳಿ."

ಗ್ವೆನ್ ಕಣ್ಣು ಮುಚ್ಚಿಕೊಂಡಳು. "ಗಡ್ಡದಲ್ಲಿ ಮರದ ಹೊಟ್ಟಿದೆ. ಚಳಿಗೆ ಕಿವಿ ಎರಡೂ ಕೆಂಪಗಾಗಿದೆ. ಮುಂದಿನ ಹಲ್ಲಿನ ಮಧ್ಯ ಸಂದಿದೆ. ನಗ್ತಾ ಎಡಗಣ್ಣು ಪೂರ್ತಿ ಮುಚ್ಚಿಹೋಗಿದೆ, ಇನ್ನೊಂದು ಕಡೆ ಹುಬ್ಬು ಮೇಲಕ್ಕೆ ಏರಿದೆ."

"ಬಲಗಣ್ಣು," ಎಂದಳು ಫ್ರೋನಿ ಥಟ್ಟನೆ. "ನನ್ನ ಮಗ ನಗೋವಾಗ ಮುಚ್ಚೋದು ಬಲಗಣ್ಣು. ಹೆತ್ತೋಳಿಗೇ ಹೇಳಿಕೊಡ್ತೀಯಾ?"

"ನಂಗೆ ಎಡ ಅಂತಾನೇ..."

"ಮಾಲಿಂಡಾ, ನೀನೇ ಹೇಳೇ. ಯಾವ ಕಣ್ಣು?"

ಮಾಲಿಂಡಾ ಬಾಯಿ ತೆರೆದಳು. ಎಡವೋ, ಬಲವೋ, ಅವಳಿಗೆ ನೆನಪಾಗಲಿಲ್ಲ. ಐದು ವರ್ಷ ಎದುರು ಕೂತು ಉಂಡವಳು, ಆ ನಗುವಿಗೇ ಸೋತು ಮದುವೆಯಾದವಳು. ಮೂರೇ ದಿನಕ್ಕೆ ಹೋಯಿತೇ? ತನಗೇ ಹೀಗಾದರೆ ಮಗುವಿಗೆ ಏನು ಉಳಿದೀತು?

"ಗೊತ್ತಿಲ್ಲ ಅತ್ತೆ," ಎಂದಳು.

ಎಲ್ಲರೂ ಲಕೋಟೆಯನ್ನೇ ನೋಡುತ್ತಿದ್ದರು. ಅದರ ಕಡೆ ಮೊದಲು ಚಾಚಿದ್ದು ಫ್ರೋನಿಯ ಕೈ. ಬೇಲಿಯಾಚೆ ಕ್ಯಾಮೆರಾ ಹಿಡಿದು ನಿಂತ ಪ್ರವಾಸಿಗಳನ್ನು ಪೊರಕೆ ಹಿಡಿದು ಅಟ್ಟಿದ ಅದೇ ಫ್ರೋನಿ.

"ಒಂದೇ ಒಂದ್ಸಲ," ಎಂದಳು. ದನಿ ಅವಳದೇ ಅನ್ನಿಸುತ್ತಿರಲಿಲ್ಲ. "ಯಾವ ಕಣ್ಣು ಅಂತ ನೋಡಿ ಇಟ್ಬಿಡ್ತೀನಿ. ದೇವರು ಅಷ್ಟಕ್ಕೆಲ್ಲ ಕೋಪ ಮಾಡ್ಕೋತಾನಾ?"

ಬೇಡ ಅನ್ನುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಮಾಲಿಂಡಾ ಎದ್ದು ಅತ್ತೆಯ ಕೈಯಡಿಯಿಂದ ಲಕೋಟೆ ತೆಗೆದುಕೊಂಡಳು. ಅದು ಎಷ್ಟು ಹಗುರವಾಗಿತ್ತೆಂದರೆ ಅವಳಿಗೆ ಸಿಟ್ಟು ಬಂತು. ತೆರೆಯಬೇಕು ಅನ್ನಿಸಿತು, ಜೀವಮಾನದಲ್ಲಿ ಬೇರೆ ಯಾವುದೂ ಅಷ್ಟು ಬೇಕು ಅನ್ನಿಸಿರಲಿಲ್ಲ. ಅಂಟಿಸಿದ ಅಂಚಿಗೆ ಹೆಬ್ಬೆರಳು ಹೋಗಿಯೂ ಆಗಿತ್ತು.

"ಅವನು ನನಗೆ ತೋರಿಸ್ಬೇಡಿ ಅಂದಿದ್ದ," ಎಂದಳು.

"ಅಯ್ಯೋ, ತಮಾಷೆಗೆ ಅಂದಿದ್ದು ಕಣೇ!"

"ಗೊತ್ತು ಅತ್ತೆ. ಆದ್ರೆ ಒಂದ್ಸಲ ನೋಡಿದ್ರೆ ನಾವು ಇದನ್ನ ಬಿಡಲ್ಲ. ದಿನಾ ನೋಡ್ತೀವಿ. ಕೊನೆಗೆ ಅವನು ಹೋಗಿ ಇದೇ ಉಳಿಯುತ್ತೆ. ನಾನು ಟೋಪಿ ಜೊತೆ ಬೆಳ್ದೋಳು."

ಕೊಕ್ಕೆಯಿಂದ ಒಲೆಯ ಮುಚ್ಚಳ ಎತ್ತಿ ಲಕೋಟೆಯನ್ನು ಒಳಗೆ ಬಿಟ್ಟಳು. ಫ್ರೋನಿ ಆಲೂಗಡ್ಡೆಯ ಬಕೆಟ್ಟಿನ ಮೇಲೆ ಬಗ್ಗಿ ಅತ್ತಳು. ಗ್ವೆನ್ ಬಂದ ದಾರಿಯಲ್ಲೇ ಹಿಂದಿರುಗಿದಳು.

*

ಗುಡಿಸಿ ತೆರವು ಮಾಡಿದ ಕೊಟ್ಟಿಗೆಯೊಳಗೆ ಪ್ರಾರ್ಥನೆ ಬಹಳ ಹೊತ್ತು ನಡೆಯಿತು. ಬಿಷಪ್ ಸೈಲಸ್ ದೇವರ ಬಗ್ಗೆ ಮಾತಾಡಿದರು, ಸತ್ತವನನ್ನು ಹೊಗಳಲಿಲ್ಲ. ಹೊಗಳುವುದು ನಮ್ಮ ಪದ್ಧತಿಯಲ್ಲ. ಆಮೇಲೆ ಮರದ ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಮುಖದ ಮೇಲಿನ ಅರ್ಧ ಮುಚ್ಚಳ ತೆರೆದರು. ಜನ ಸಾಲಾಗಿ ಬಂದು ನೋಡಿ ಮುಂದೆ ಸರಿದರು. ಕೊನೆಗೆ ಮನೆಯವರ ಸರದಿ.

ಮಾಲಿಂಡಾ ಲೋವಿನಾಳನ್ನು ಎತ್ತಿಕೊಂಡು ಪೆಟ್ಟಿಗೆಯ ಪಕ್ಕ ನಿಂತಳು, ನಿಂತೇ ಇದ್ದಳು. ಮಗು ಎಷ್ಟು ಹೊತ್ತು ಬೇಕಾದರೂ ನೋಡಲಿ, ಊರೆಲ್ಲ ಕಾಯಲಿ ಎಂದು ಅವಳು ಹಟ ಹಿಡಿದಿದ್ದಳು. ಕುದುರೆಗಳು ಗೊರಸು ಬಡಿಯುತ್ತಿದ್ದವು.

"ನೋಡು ಪುಟ್ಟಿ, ಅಪ್ಪ. ಚೆನ್ನಾಗಿ ನೋಡ್ಕೋ."

ಲೋವಿನಾ ಕಣ್ಣು ಮುಚ್ಚಲಿಲ್ಲ. ಬಗ್ಗಿ, ಬಿಳಿ ಅಂಗಿಯನ್ನೂ, ಬಾಚಿದ ಗಡ್ಡವನ್ನೂ, ಎರಡೂ ಮುಚ್ಚಿದ ಕಣ್ಣುಗಳನ್ನೂ ನೋಡಿತು.

"ಇದು ಅಪ್ಪ ಅಲ್ಲ," ಎಂದಿತು ಎಲ್ಲರಿಗೂ ಕೇಳುವ ಹಾಗೆ.

"ಅಪ್ಪಾನೇ ಕಣೇ."

"ಅಲ್ಲ!" ಅಂದು ಅಮ್ಮನ ಹೆಗಲಿಗೆ ಮುಖ ಒತ್ತಿಕೊಂಡಿತು.

ಏನು ಮಾಡಿಬಿಟ್ಟೆ ಎಂದುಕೊಂಡಳು ಮಾಲಿಂಡಾ. ಒಲೆಯಲ್ಲಿ ಉರಿದುಹೋದದ್ದು ಕಣ್ಣಿಗೆ ಕಟ್ಟಿತು. ಮಗುವಿನ ಪಾಲಿನದನ್ನು ನಾನೇ ಸುಟ್ಟೆ, ಯಾರು ಕೊಟ್ಟರು ನನಗೆ ಆ ಹಕ್ಕು? ಬಿಷಪ್ ಮೆಲ್ಲಗೆ ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದರು. ಮುಚ್ಚಳಕ್ಕೆ ತಿರುಪು ಹಾಕಿದರು.

ಶವದ ಗಾಡಿಯ ಹಿಂದೆ ಒಂದನೇ ಅಂಕೆ ಬರೆದ ಬಂಡಿ. ಎನೊಸ್ ಲಗಾಮು ಹಿಡಿದಿದ್ದ. ಒಳಗೆ ಫ್ರೋನಿ, ಮಾಲಿಂಡಾ, ಅವಳ ತೊಡೆಯ ಮೇಲೆ ಲೋವಿನಾ. ಗಿರಣಿ ಹತ್ತಿರ ಬರುತ್ತಿದ್ದ ಹಾಗೆ ಎನೊಸ್ ಮುಖ ತಗ್ಗಿಸಿಕೊಂಡ.

ಅವರು ರಸ್ತೆಯಂಚಿನಲ್ಲಿ ಸಾಲಾಗಿ ನಿಂತಿದ್ದರು. ಕ್ಯಾಮೆರಾಗಳು ಅವರ ಕಾಲ ಬುಡದಲ್ಲಿ, ಹುಲ್ಲಿನ ಮೇಲಿದ್ದವು. ಒಬ್ಬ ಹುಡುಗುಬುದ್ಧಿಯವನು ತನ್ನದನ್ನು ಎತ್ತಿಕೊಂಡ. ಪಕ್ಕದಲ್ಲಿದ್ದ ಊರ ಸಂಪಾದಕ ಅವನ ಕಡೆ ನೋಡದೆಯೇ ಅದರ ಕಣ್ಣಿಗೆ ಅಂಗೈ ಅಡ್ಡ ಇಟ್ಟ. ಸಾಲಿನ ಕೊನೆಯಲ್ಲಿ ಗ್ವೆನ್ ಬರಿಗೈಯಲ್ಲಿ ನಿಂತಿದ್ದಳು.

ಲೋವಿನಾ ಅವಳನ್ನು ಗುರುತು ಹಿಡಿಯಿತು. ಬಂಡಿಯಿಂದ ಹೊರಗೆ ಬಗ್ಗಿ, "ಅಪ್ಪ ಹೀಗೆ!" ಎಂದು ಕೂಗಿತು.

ಆಮೇಲೆ ಎಡಗಣ್ಣನ್ನು ಬಿಗಿಯಾಗಿ ಮುಚ್ಚಿ, ಇನ್ನೊಂದು ಹುಬ್ಬನ್ನು ಟೋಪಿಯ ಅಂಚಿನವರೆಗೆ ಏರಿಸಿ, ಪುಟ್ಟ ಹಲ್ಲುಗಳಷ್ಟೂ ಕಾಣುವ ಹಾಗೆ ನಕ್ಕಿತು.

ಗ್ವೆನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಂಡಿ ನಿಲ್ಲದೆ ಮುಂದೆ ಹೋಯಿತು.

"ಎಡ," ಎಂದಳು ಫ್ರೋನಿ ತುಂಬಾ ಹೊತ್ತಾದ ಮೇಲೆ. "ಎಡಗಣ್ಣೇ ಕಣೇ."

ಮಾಲಿಂಡಾ ಮಗುವಿನ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ಇನ್ನೊಂದ್ಸಲ ಮಾಡು, ಪುಟ್ಟಿ," ಎಂದಳು.