ಸರ್ಟಿಫಿಕೇಟಿನ ಮೇಲೆ ಮೂರು ಬೆರಳು

ಸೀಮೆಸುಣ್ಣದ ಸದ್ದೇ ಅದು, ಹೌದು, ಟಕ್ ಅಂತ ಒಂದು, ಆಮೇಲೆ ಸುಯ್ ಅಂತ ಎಳೆದದ್ದು, ಮತ್ತೆ ಟಕ್ ಟಕ್ — ಮುಚ್ಚಿದ ಬಾಗಿಲಾಚೆಯಿಂದ, ಮದರಾಸಿನ ಈ ಕೆಂಪು ಕಾಲೇಜಿನ ಪಡಸಾಲೆಯ ಬೆಂಚಿನವರೆಗೂ ಬರುತ್ತಿದೆ, ಬರೆಯುತ್ತಿರುವುದು ಮಗಳು ಮಲ್ಲಿಯೋ ಒಳಗೆ ಕೂತ ಪ್ರೊಫೆಸರೋ ಜಡೇಸ್ವಾಮಿಗೆ ಹೇಗೆ ಗೊತ್ತಾಗಬೇಕು, ಆದರೂ ಟಕ್ ಅಂದಮೇಲೆ ಒಂದಿಷ್ಟು ತಡೆದು ಆಮೇಲೆ ಎಳೆಯುವುದು ಅವಳದೇ ಅಭ್ಯಾಸ, ದೊಡ್ಡಗಾಜನೂರಿನ ಮನೆಯಲ್ಲಿ ಕೊಟ್ಟಿಗೆ ಬಾಗಿಲ ಮೇಲೆ ಎಂಟು ವರ್ಷ ಕೇಳಿದ ಸದ್ದು, ಹಾಲು ಕರೆಯಲು ಕೂತರೆ ಬೆನ್ನ ಹಿಂದೆ ಟಕ್, ಹಸುವಿಗೂ ಅದು ಒಗ್ಗಿಹೋಗಿ ಸದ್ದು ನಿಂತರೆ ತಲೆ ತಿರುಗಿಸಿ ನೋಡುತ್ತಿತ್ತು. ನಿಂತಿತು. ಅಯ್ಯೋ ಶಿವನೇ, ಯಾಕೆ ನಿಂತಿತು, ಅಳಿಸುತ್ತಿದ್ದಾಳೋ, ತಪ್ಪಾಯಿತೋ — ಹಾಂ, ಟಕ್, ಮತ್ತೆ ಬಂತು. ಜಡೇಸ್ವಾಮಿ ಉಸಿರು ಬಿಟ್ಟು ಹಿಂದಕ್ಕೆ ಒರಗಿದ, ಬಲಗೈಯ ನಡುವಿನ ಮೂರು ಬೆರಳು ತಾವಾಗಿಯೇ ಹೋಗಿ ಪಂಚೆಯ ಮಡಿಕೆಯೊಳಗೆ ಹುದುಗಿಕೊಂಡವು, ಹತ್ತು ತಿಂಗಳಿಂದ ಹೀಗೇ, ಯಾರಾದರೂ ನೋಡಿಯಾರು ಅನ್ನುವ ಹಾಗೆ ಅಡಗುತ್ತವೆ.

ಮಲ್ಲಿ ಇಂಟರ್ವ್ಯೂಗೆ ಒಳಗೆ ಹೋಗಿ ಅರ್ಧ ಗಂಟೆ ಮೀರಿತು, ಇವಳಿಗಿಂತ ಮುಂಚೆ ಹೋದವರೆಲ್ಲ ಐದೈದು ನಿಮಿಷಕ್ಕೆ ಹೊರಗೆ ಬಂದರು, ಹೊತ್ತು ಹೆಚ್ಚಾದರೆ ಒಳ್ಳೆಯದೋ ಕೆಟ್ಟದ್ದೋ, ಯಾರನ್ನು ಕೇಳುವುದು, ಇಲ್ಲಿರುವುದು ಮೂವತ್ತೇ ಸೀಟು, ಇಡೀ ತಮಿಳುನಾಡಿಗೆ ಮೂವತ್ತು, ಗಣಿತ ಓದುವುದಾದರೆ ಇಲ್ಲೇ ಓದಬೇಕು ಅಂತ ರುದ್ರಸ್ವಾಮಿ ಮೇಷ್ಟ್ರು ಹಟ ಹಿಡಿದು ಅರ್ಜಿ ಹಾಕಿಸಿದ್ದರು. ಪ್ಲಸ್ ಟೂನಲ್ಲಿ ಗಣಿತ ಇನ್ನೂರಕ್ಕೆ ಇನ್ನೂರು, ಅದೇನೋ ಸರಿ, ಇಂಗ್ಲಿಷು ಇನ್ನೂರಕ್ಕೆ ಎಂಬತ್ತನಾಲ್ಕು, ಬೆಟ್ಟದ ಮೇಲೆ ಕನ್ನಡದಲ್ಲಿ ಓದಿದ ಹುಡುಗಿಗೆ ಅದೇ ದೊಡ್ಡದು, ಈ ಬೆಂಚಿನ ಮೇಲೆ ಕೂತಿರುವ ಮಕ್ಕಳು ಮಾತ್ರ ಅಪ್ಪಂದಿರ ಜೊತೆ ಇಂಗ್ಲಿಷಿನಲ್ಲೇ ನೀರು ಕೇಳುತ್ತಿವೆ. ಮಾರ್ಕು ಕಮ್ಮಿ ಕಣಪ್ಪ ಜಡೇಸ್ವಾಮಿ, ಕಾಲೇಜ್ನೋರು ನೋಡದು ಮಾರ್ಕ್ನೇ, ಆ ಲೆಕ್ಕದ್ ಪೈಪೋಟೀಲಿ ಗೆದ್ದಿದ್ದೆಲ್ಲ ಗೋಡೆಗ್ ನೇತಾಕಕ್ಕೆ ಆಯ್ತದ ಅಷ್ಟೇ, ಅಂದಿದ್ದರು ಹೆಡ್ ಮಾಸ್ತರು. ಅಲ್ಲಾ ಸಾರ್, ಐದು ಜಿಲ್ಲೆಗ್ ಫಸ್ಟು ಅಂದ್ರ ಸುಮ್ನಾ, ಇಂಗ್ಲೀಷ್ನ ತೂಕ ಅದೇ ಎತ್ಕಬೇಕು, ಬ್ಯಾರೆ ಏನದ ನಮ್ ಕೈಲಿ, ಅಂದಿದ್ದರು ರುದ್ರಸ್ವಾಮಿ ಮೇಷ್ಟ್ರು. ಇಬ್ಬರೂ ಹಾಗೆ ಜಗಳವಾಡುವಾಗ ಜಡೇಸ್ವಾಮಿ ಕಂಬದ ಮರೆಯಲ್ಲಿ ನಿಂತು ಕೈ ಹಿಂದಕ್ಕೆ ಕಟ್ಟಿಕೊಂಡಿದ್ದ. ಮೇಷ್ಟ್ರ ಮಾತು ಸುಳ್ಳಾದರೆ ಮಗಳಿಗೆ ಸೀಟಿಲ್ಲ, ನಿಜವಾದರೆ ತಾನು ಪಾಪಿ.

ಕೊಯಮತ್ತೂರಿನಲ್ಲಿ ಆ ಗಣಿತದ ಸ್ಪರ್ಧೆ ಮುಗಿಸಿ ಬರುವಾಗ ಬಸ್ಸು ದಿಂಬಂ ಘಟ್ಟ ಹತ್ತುತ್ತಿತ್ತು, ಇಪ್ಪತ್ತೇಳು ತಿರುವು, ಪ್ರತಿ ತಿರುವಿಗೂ ಹೊಟ್ಟೆಯೊಳಗಿನದೆಲ್ಲ ಬಾಯಿಗೆ ಬರುತ್ತಿತ್ತು, ಮಲ್ಲಿಗೆ ಅದರ ಪರಿವೆಯೇ ಇಲ್ಲ, ಅಪ್ಪ, ನೀ ತಾಳವಾಡಿ ಸಂತೇಲಿ ಯಾರ್ನಾರ ಆರ್ ಜನ ಇಡ್ಕಂಡ್ ಬಾ, ಅದ್ರೊಳ್ಗ ಮೂರ್ ಜನ ಒಬ್ಬರಿಗೊಬ್ರು ಗುರ್ತಿರೋರು ಸಿಕ್ಕೇ ಸಿಕ್ತರ, ಇಲ್ದಿದ್ರ ಮೂರ್ ಜನ ಒಬ್ಬರಿಗೊಬ್ರು ಗುರ್ತಿಲ್ದೋರು ಸಿಕ್ಕೇ ಸಿಕ್ತರ, ತಪ್ಪುಸ್ಕಳ್ಳಕಾಯ್ತಲ್ಲ, ಇದೇ ಕಣಪ್ಪ ಲೆಕ್ಕ, ಯಾರೂ ಮಾಡ್ಲಿಲ್ವಂತ, ನಾ ಮಾಡ್ದಿ. ಇದೂ ಒಂದು ಲೆಕ್ಕವಾ, ಕೂಡುವುದಿಲ್ಲ ಕಳೆಯುವುದಿಲ್ಲ, ಅಂತ ನಕ್ಕವನು ಮುಂದಿನ ಸಂತೆಯಲ್ಲಿ ಟೊಮೇಟೊ ಬುಟ್ಟಿ ಇಳಿಸಿ ನಿಂತು ನೋಡಿಯೇ ನೋಡಿದ, ಎದುರಿಗಿದ್ದ ಆರು ಜನರನ್ನು ಎಣಿಸಿದ, ಸಿಕ್ಕರು, ಬೇರೆ ಆರು ಜನ, ಅಲ್ಲೂ ಸಿಕ್ಕರು, ಬಳೆಗಾರ್ತಿ ಚಿನ್ನಮ್ಮ, ಏನ್ ಸಾಮಿ ಹೆಣ್ಣೆಂಗುಸ್ರ ಎಣುಸ್ತ ನಿಂತಿದರಿ, ಅಂತ ರೇಗಿಸಿದಾಗಲೇ ಬಿಟ್ಟದ್ದು. ಈಗಲೂ ಅಷ್ಟೇ, ಈ ಬೆಂಚಿನ ಮೇಲೆ ತಾನೂ ಸೇರಿ ಆರು ಜನ, ಆ ಪ್ಯಾಂಟಿನ ಯಜಮಾನರು, ಪಕ್ಕದ ರೇಷ್ಮೆ ಸೀರೆ ಅವರ ಹೆಂಡತಿಯೇ, ನಡುವೆ ಉಗುರು ಕಚ್ಚುತ್ತಿರುವವಳು ಮಗಳು, ಇಗೋ, ಮೂರು ಜನ ಸಿಕ್ಕೇಬಿಟ್ಟರಲ್ಲ, ಎಂಥಾ ಹುಡುಗಿ ಹುಟ್ಟಿದೆ ನನ್ನ ಹೊಟ್ಟೆಯಲ್ಲಿ, ಜಡೇಸ್ವಾಮಿಗೆ ಒಂದು ಗಳಿಗೆ ಎಲ್ಲ ಮರೆತು ನಗು ಬಂತು, ರೇಷ್ಮೆ ಸೀರೆಯಾಕೆ ಸ್ವಲ್ಪ ಅತ್ತ ಸರಿದು ಕೂತಳು.

ವಿಭೂತಿ ಹಚ್ಚುವುದರಲ್ಲಿ ಈ ಜಡೇಸ್ವಾಮಿ ಅನ್ನುವ ಮನುಷ್ಯನಿಗೆ ಮಿತಿಯಿರಲಿಲ್ಲ, ಅದಂತೂ ನಿಜ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದರೆ ಒದ್ದೆ ಬೆರಳಿಗೆ ಏನು ಸಿಕ್ಕರೂ ಮೂರು ಗೆರೆ, ಹೊಸ ನೇಗಿಲಿಗೆ, ಬಾವಿಯ ಮೋಟರಿಗೆ, ಎತ್ತಿನ ಹಣೆಗೆ, ರೇಡಿಯೋ ತಂದ ದಿನ ಅದರ ಗಾಜಿನ ಮೇಲೂ ಬಳಿದು ಮುಳ್ಳು ಎಲ್ಲಿದೆ ಅಂತ ಕಾಣದೆ ಮೈಸೂರು ಸ್ಟೇಷನ್ನು ಹುಡುಕಲು ಒಂದು ಸಂಜೆ ಹಿಡಿಯಿತು, ನಾ ಒಂದಿನ ಅಲ್ಲಾಡ್ದೆ ಕೂತಿದ್ರ ನಂಗೂ ಬಳುದ್ಬುಡ್ತರ ಇವ್ರು, ಅಂತ ಹೆಂಡತಿ ಚನ್ನಬಸಮ್ಮ ನಗಾಡಿದ್ದಳು. ಹಾಗೆ ಸ್ಪರ್ಧೆಯ ಸರ್ಟಿಫಿಕೇಟೂ ಬಂತು, ಪೋಸ್ಟಿನವನು ಸೈಕಲ್ಲಿನಿಂದ ಇಳಿಯದೆಯೇ ಕೊಟ್ಟ, ಗಟ್ಟಿ ಕಾಗದ, ಚಿನ್ನದ ಬಣ್ಣದ ಅಂಚು, ನಡುವೆ ನೀಲಿ ಶಾಯಿಯಲ್ಲಿ ಉರುಟುರುಟಾಗಿ ಮಲ್ಲಿಯ ಪೂರ್ತಿ ಹೆಸರು, ಪುಟ್ಟಮಲ್ಲಮ್ಮ, ಅದರ ಕೆಳಗೆ ಫಸ್ಟು ಅಂತ, ಮಲ್ಲಿ ಇನ್ನೂ ಸ್ಕೂಲಿನಿಂದ ಬಂದಿರಲಿಲ್ಲ, ಬರುವಷ್ಟರಲ್ಲಿ ದೇವರ ಮುಂದೆ ಇಟ್ಟಿರೋಣ ಅಂತ ಕೈಕಾಲು ತೊಳೆದು, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳು ಅದ್ದಿ, ಶಿವಶಿವಾ ಅಂತ ಕಣ್ಣು ಮುಚ್ಚಿ — ಕಣ್ಣು ಯಾಕೆ ಮುಚ್ಚಿದೆ, ಮುಚ್ಚದಿದ್ದರೆ ಅಂಚಿಗೆ ಹಚ್ಚುತ್ತಿದ್ದೆ, ಮೂಲೆಗೆ ಹಚ್ಚುತ್ತಿದ್ದೆ — ಎಡದಿಂದ ಬಲಕ್ಕೆ ಎಳೆದ. ಕಣ್ಣು ಬಿಟ್ಟಾಗ ಮೂರು ಗೆರೆ, ಗೆರೆಯೊಳಗೆ ನೀಲಿ ಹರಿಯುತ್ತಿತ್ತು, ಪುಟ್ಟಮಲ್ಲಮ್ಮ ಹರಿದುಹೋಗುತ್ತಿದ್ದಳು, ಫಸ್ಟು ಹರಿದುಹೋಗುತ್ತಿತ್ತು, ಟವೆಲ್ಲಿನಿಂದ ಒತ್ತಿದರೆ ಟವೆಲ್ಲಿಗೆ ಬಂತು. ಅಚ್ಚಿನ ಅಕ್ಷರ ಒಂದೂ ಅಲುಗಲಿಲ್ಲ. ಯಾರೋ ಎಂಥದೋ ಗೆದ್ದರು ಅಂತ ಮಾತ್ರ ಹೇಳುವ ಕಾಗದ ಉಳಿಯಿತು.

ಬೈದಿದ್ದರೆ ಚೆನ್ನಾಗಿತ್ತು. ಸ್ಕೂಲಿನಿಂದ ಬಂದವಳು ಕಾಗದ ನೋಡಿದಳು, ಅಪ್ಪನ ಮುಖ ನೋಡಿದಳು, ಪುಸ್ತಕದ ಚೀಲ ಇಳಿಸಿ, ಬುಡಪ್ಪ, ಅವ್ರು ಲೆಕ್ಕ ಕೇಳ್ತರ, ಕಾಗ್ದ ಕೇಳ್ದರಾ, ಅಂದು ಎರಡು ಬಿಂದಿಗೆ ಎತ್ತಿಕೊಂಡು ನೀರಿಗೆ ಹೋದಳು, ಅಷ್ಟೇ. ಇನ್ನೊಂದು ಪ್ರತಿ ಕೊಡಿ ಅಂತ ಮೇಷ್ಟ್ರು ಸ್ಪರ್ಧೆ ನಡೆಸಿದವರಿಗೆ ಎರಡು ಕಾಗದ ಬರೆದರು, ಉತ್ತರ ಬರಲಿಲ್ಲ. ಆ ದಿನದಿಂದ ಕೈ ಏಳದು. ನೇಗಿಲಿಗೆ ಇಲ್ಲ, ಎತ್ತಿಗೆ ಇಲ್ಲ, ತನ್ನ ಹಣೆಗೆ ಹಚ್ಚಿಕೊಂಡು ಎದ್ದುಬಿಡುತ್ತಾನೆ, ಮಲ್ಲಿಗೂ ಇಲ್ಲ — ಒಂದನೇ ಕ್ಲಾಸಿನಿಂದ ದಿನವೂ ಸ್ಕೂಲಿಗೆ ಹೊರಡುವಾಗ ಬಂದು ಮುಖ ಎತ್ತಿ ನಿಲ್ಲುತ್ತಿದ್ದಳು, ಮೂರು ಗೆರೆ ಎಳೆಸಿಕೊಂಡು ಓಡುತ್ತಿದ್ದಳು, ಮೂಗಿನ ಮೇಲೆ ಉದುರಿದರೆ ಸೀನುತ್ತಿದ್ದಳು, ಆ ಘಟನೆ ಆದಮೇಲೂ ನಾಲ್ಕು ದಿನ ಬಂದು ನಿಂತಳು, ಅವನೇ ಹಗ್ಗ ಹುಡುಕುವವನಂತೆ ಕೊಟ್ಟಿಗೆಗೆ ಹೋದ, ಐದನೇ ದಿನದಿಂದ ಬರುವುದು ಬಿಟ್ಟಳು. ಪರೀಕ್ಷೆಗೂ ಹಾಗೇ ಹೋದಳು. ಈ ದಿನ ಬೆಳಿಗ್ಗೆ, ಸೆಂಟ್ರಲ್ ಸ್ಟೇಷನ್ನಿನ ನಲ್ಲಿಯಲ್ಲಿ ಮುಖ ತೊಳೆದು ಜಡೆ ಹೆಣೆದು ಸಣ್ಣ ಕುಂಕುಮ ಇಟ್ಟು ಬಂದವಳು ಎದುರಿಗೆ ನಿಂತಳು, ಮುಖ ಎತ್ತಿದಳು, ಹತ್ತು ತಿಂಗಳ ಮೇಲೆ, ಜೇಬಿನಲ್ಲಿ ವಿಭೂತಿಯ ಸಂಚಿ ಇತ್ತು, ಇತ್ತಲ್ಲ, ಈಗಲೂ ಇದೆ, ಮುಟ್ಟಿದರೆ ಸಿಗುತ್ತದೆ, ಆದರೆ ಏನೆಂದ ಈ ಪುಣ್ಯಾತ್ಮ, ಬಸ್ಸು ಹೊಂಟೋಯ್ತದ ಬಾ ಮಗ, ಅಂದ. ಅವಳು ಇನ್ನೊಂದು ಗಳಿಗೆ ನಿಂತಳು. ಆಮೇಲೆ ಬಾ ಅಂತ ಅವಳೇ ಮುಂದೆ ನಡೆದಳು. ಥೂ, ನನ್ನ ಬೆರಳಿಗೆ ಬೆಂಕಿ ಬೀಳ, ಹಚ್ಚಬಾರದಲ್ಲಿ ಹಚ್ಚಿತು, ಹಚ್ಚಬೇಕಾದಲ್ಲಿ ಅಡಗಿತು.

ಆಮೇಲೆ ಇಲ್ಲಿ ಗುಮಾಸ್ತನ ಕಿಟಕಿಯಲ್ಲಿ ಕಾಗದಪತ್ರ ಕೊಡುವಾಗ ಕೂಡ, ಅವನು ಇದ್ಯಾವ ಕಾಗದ, ಹೆಸರೆಲ್ಲಿ ಅಂತ ತಿರುಗಿಸಿ ಮುರುಗಿಸಿ ನೋಡಿದ, ಸ್ಪರ್ಧೆಗೆ ಫಾರಮ್ಮಿನಲ್ಲಿ ಜಾಗವೇ ಇಲ್ಲವಲ್ಲ ಅಂದ, ಹಾಗಾದರೆ ವಾಪಸ್ಸು ಕೊಡಿ ಅಂತ ಜಡೇಸ್ವಾಮಿ ಕೈ ಚಾಚಿದ, ಕೊಟ್ಟುಬಿಟ್ಟರೆ ಸಾಕು ಮಡಿಸಿ ಜೇಬಿಗಿಟ್ಟುಕೊಳ್ಳುತ್ತೇನೆ, ಒಳಗಿನವರ ಕಣ್ಣಿಗೆ ಬೀಳುವುದು ಬೇಡ, ಮಲ್ಲಿಯೇ ತಡೆದಳು, ಇರ್ಲಿ ಸಾರ್, ಹಿಂದುಗಡೆ ಚುಚ್ಚಿ. ಯಾಕೆ ಅಂದಳೋ. ಮಾರ್ಕು ನೋಡುವವರಾದರೆ ಎಂಬತ್ತನಾಲ್ಕು ನೋಡಿ ಕಳಿಸುತ್ತಾರೆ, ಕಾಗದ ನೋಡುವವರಾದರೆ ಬೂದಿ ನೋಡಿ ಕಳಿಸುತ್ತಾರೆ, ಎತ್ತ ಹೋದರೂ ಅಷ್ಟೇ, ಮೇಷ್ಟ್ರಿಗೆ ಏನು ಹೇಳುವುದು, ಮನೆಯಲ್ಲಿ ಚನ್ನಬಸಮ್ಮ ಬಾಗಿಲಲ್ಲೇ ನಿಂತಿರುತ್ತಾಳೆ, ಆಯ್ತಾ ಅಂತಾಳೆ, ಘಟ್ಟ ಹತ್ತುವಾಗ ಈ ಸಲ ಮಲ್ಲಿ ಏನು ಮಾತಾಡಿಯಾಳು, ಇಪ್ಪತ್ತೇಳು ತಿರುವೂ ಸುಮ್ಮನೆ ಕೂತಿರುತ್ತಾಳೋ — ಸದ್ದು ಇಲ್ಲ. ಟಕ್ ಇಲ್ಲ. ಎಷ್ಟು ಹೊತ್ತಿಂದ ಇಲ್ಲ?

ಬಾಗಿಲು ತೆರೆಯಿತು, ಬಂದದ್ದು ಅವಳಲ್ಲ, ಪ್ರೊಫೆಸರು, ನರೆತ ತಲೆ, ತೋಳಿನವರೆಗೂ ಸುಣ್ಣದ ಪುಡಿ, ಕೈಯಲ್ಲಿ ಆ ಕಾಗದ, ದೂರದಿಂದಲೇ ಗುರುತು ಸಿಕ್ಕಿತು, ಮೂರು ಬೂದು ಗೆರೆ. ಪುಟ್ಟಮಲ್ಲಮ್ಮನ ತಂದೆ ಯಾರು ಅಂತ ತಮಿಳಿನಲ್ಲಿ ಕೇಳಿದರು, ಬೆಂಚಿನವರೆಲ್ಲ ತಿರುಗಿದರು, ಜಡೇಸ್ವಾಮಿ ಎದ್ದ, ಇದಕ್ಕೆ ವಿಭೂತಿ ಹಚ್ಚಿದವರು ನೀವೋ ಅಂದರು, ನಾನೇ ಸಾಮಿ, ಅವಳ ತಪ್ಪಿಲ್ಲ ಸಾಮಿ, ಫಸ್ಟು ಬಂದದ್ದು ಸತ್ಯ, ಬೇಕಾದರೆ ಮೇಷ್ಟ್ರನ್ನು ಕೇಳಿ — ಅವರು ನಗುತ್ತಿದ್ದರು. ಕೇಳಿಪ್ಪಾ, ಸ್ಪರ್ಧೆಗೆ ನಮ್ಮಲ್ಲಿ ಒಂದು ಮಾರ್ಕೂ ಇಲ್ಲ, ಹೆಸರು ಚೊಕ್ಕಟವಾಗಿ ಇದ್ದಿದ್ದರೆ ನೋಡಿ ಪಕ್ಕಕ್ಕಿಡುತ್ತಿದ್ದೆವು, ದಿನಕ್ಕೆ ಹತ್ತು ಬರುತ್ತವೆ, ಇದೇನಮ್ಮ ಗೆರೆ ಅಂತ ಕೇಳಿದೆವು, ನಮ್ಮಪ್ಪನ ಬೆರಳು ಅಂದಳು, ಹೆಸರು ಹೋಗಿದೆಯಲ್ಲ, ಗೆದ್ದವಳು ನೀನೇ ಅಂತ ಏನು ಸಾಕ್ಷಿ ಅಂದರೆ ಸೀದಾ ಎದ್ದು ಹೋಗಿ ಸೀಮೆಸುಣ್ಣ ತಗೊಂಡಳು, ಆ ಲೆಕ್ಕವನ್ನೇ ಬೋರ್ಡಿನ ಮೇಲೆ ಮಾಡಿ ತೋರಿಸಿದಳು. ಅಂದರೆ, ಅಂದರೆ ಏನು ಸಾಮಿ? ಅಂದರೆ ಸೀಟು ಕೊಟ್ಟಾಯಿತು, ಇಂಗ್ಲಿಷು ನಾವು ಕಲಿಸಿಕೊಳ್ಳುತ್ತೇವೆ, ಸೋಮವಾರ ಹಾಸ್ಟೆಲಿಗೆ ಬಿಡಿ, ಆದರೆ ಅವಳಿಗೆ ಅದು ಕೇಳಿಸಿದಂತಿಲ್ಲ, ಆರು ಜನದಲ್ಲಿ ಮೂವರು ಸರಿ, ನಾಲ್ವರು ಬೇಕಾದರೆ ಎಷ್ಟು ಜನ ಸೇರಬೇಕು ಅಂತ ನಾನು ಸುಮ್ಮನೆ ಕೇಳಿಬಿಟ್ಟೆ, ಬೋರ್ಡು ಬಿಟ್ಟು ಬರುತ್ತಿಲ್ಲ, ನಮಗೂ ಊಟದ ಹೊತ್ತಾಯಿತು, ನೀವೇ ಕರೆಯಿರಿ.

ಕೊಟ್ಟರು. ಕೊಟ್ಟರಂತೆ, ಚನ್ನಬಸಮ್ಮ, ಕೊಟ್ಟರು, ಕರೆಯಬೇಕು, ಮಲ್ಲಿ ಅನ್ನಬೇಕು, ಬಾಗಿಲ ಚೌಕಟ್ಟು ಹಿಡಿದುಕೊಂಡ, ಒಳಗೆ ಇಡೀ ಬೋರ್ಡು ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಗೆರೆ, ಇಷ್ಟೊಂದು ಜನವೇ, ಅದರ ಮುಂದೆ ಬೆನ್ನು ಮಾಡಿ ನಿಂತ ಮೋಟು ಜಡೆ, ಸೋಮವಾರದಿಂದ ಕೊಟ್ಟಿಗೆಯಲ್ಲಿ ಹಸು ತಲೆ ತಿರುಗಿಸಿ ನೋಡುತ್ತದೆ, ನೋಡಲಿ — ಅವಳು ಇತ್ತ ತಿರುಗಿದಳು, ಅಪ್ಪನನ್ನು ಕಾಣಲಿಲ್ಲ, ಕಣ್ಣು ಇನ್ನೂ ಆ ಚುಕ್ಕೆಗಳಲ್ಲೇ, ಸೆಕೆಗೆ ಮುಖವೆಲ್ಲ ಬೆವರು, ಸುಣ್ಣ ಹಿಡಿದ ಕೈಯನ್ನು ಎತ್ತಿ ಹಣೆ ಒರೆಸಿಕೊಂಡಳು, ಎಡದಿಂದ ಬಲಕ್ಕೆ, ನಡುವಿನ ಮೂರು ಬೆರಳು, ಬೆಳಿಗ್ಗೆ ಅವನು ವಿಭೂತಿ ಹಚ್ಚದೆ ಹಾಗೇ ಕಳಿಸಿದ ಹಣೆ, ಕರೆಯಬೇಕು, ಈಗ ಕರೆಯಬೇಕು, ಆ ಹಣೆಯ ಮೇಲೆ, ಒದ್ದೆಯಾಗಿ, ಬೆಳ್ಳಗೆ, ಮೂರು ಗೆರೆ, ಮೂರು, ಮೂರು ಗೆರೆ