ಇಸ್ತ್ರಿಯವಳ ಮನೆಯ ಸಭೆ

ಕೊಳಾಯಿ ರಿಪೇರಿ ಮಾಡುತ್ತಿದ್ದ ಅವನನ್ನು ಬೀದಿಯವರೆಲ್ಲ ಬಾಯಿಬಡುಕನೆಂದೇ ಕರೆಯುತ್ತಿದ್ದರು. ಅವನಿಗೇನೂ ಬೇಸರವಿರಲಿಲ್ಲ, ಬಾಯಿದ್ದವನು ಎಲ್ಲಿ ಹೋದರೂ ಬದುಕುತ್ತಾನೆ ಎಂದು ನಂಬಿದವನು. ಹಾಗಾಗಿ ಒಂದು ಭಾನುವಾರ ಚರ್ಚಿನ ಸಭೆಯಲ್ಲಿ ಆರಾಧನೆ ಮುಗಿದ ಮೇಲೆ ಪಾಸ್ಟರು, ನೆರೆಹೊರೆಯವರಿಗೆ ಯೇಸುವಿನ ವಿಷಯ ಹೇಳುವುದನ್ನು ಕಲಿಯುವ ಮನಸ್ಸಿದ್ದವರು ಉಳಿದುಕೊಳ್ಳಿ ಎಂದಾಗ, ಮೊದಲು ಬೆಂಚು ಎಳೆದುಕೊಂಡು ಕೂತವನು ಅವನೇ.

ಪಾಸ್ಟರಿಗೆ ಉಬ್ಬಸ. ನಾಲ್ಕು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳಬೇಕು. "ನನ್ನ ಒಂದು ಬಾಯಿ ಎಷ್ಟು ಮನೆ ಮುಟ್ಟೀತು ಹೇಳಿ. ನಿಮಗೆ ಒಬ್ಬೊಬ್ಬರಿಗೂ ಒಂದು ಬಾಯಿ ಇದೆ, ಒಂದು ಬೀದಿ ಇದೆ" ಎಂದು ಶುರುಮಾಡಿದರು. ಅವರು ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಮುಂಚೆ ಹೇಗಿದ್ದೆ, ಕರ್ತನು ಏನು ಮಾಡಿದ, ಈಗ ಹೇಗಿದ್ದೇನೆ ಎನ್ನುವುದನ್ನು ಟೀ ಆರುವುದರೊಳಗೆ ಹೇಳಿ ಮುಗಿಸಬೇಕು. ಕೇಳುವ ಮನಸ್ಸಿದ್ದವರನ್ನು ಮನೆಗೆ ಕರೆದು ಸತ್ಯವೇದದ ಒಂದು ಚಿಕ್ಕ ಭಾಗ ಓದಬೇಕು. ಇದರಲ್ಲಿ ನಿಮಗೇನು ಕಂಡಿತು, ಇದಕ್ಕೆ ನೀವೇನು ಮಾಡುತ್ತೀರಿ, ಯಾರಿಗೆ ಹೇಳುತ್ತೀರಿ ಎಂದು ಕೇಳಬೇಕು. ಕೇಳಿದ ಮೇಲೆ ಸುಮ್ಮನಿರಬೇಕು. ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ ಎಂದರು ಪಾಸ್ಟರು, ಅವನ ಕಡೆಗೇ ನೋಡುತ್ತಾ.

ಅವನ ಸರದಿ ಬಂತು. ಕುಡಿದು ಹಾಳಾಗಿ, ಆಮೇಲೆ ಬಿಟ್ಟು ಮನುಷ್ಯನಾದ ಕಥೆ ಅವನದು. ಆದರೆ ಅದನ್ನು ತಾತನ ಕಾಲದಿಂದ ಎತ್ತಿಕೊಂಡ. ಕಥೆಯೊಳಕ್ಕೆ ಯೇಸು ಬರುವಷ್ಟರಲ್ಲಿ ಕೂತವರಲ್ಲಿ ಅರ್ಧ ಜನ ಆಕಳಿಸಿಯಾಗಿತ್ತು.

ಅವನ ಹೆಂಡತಿ ದೊಡ್ಡದೊಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಭಾನುವಾರವೂ ಕೆಲಸವಿದ್ದುದರಿಂದ ಆ ತರಗತಿಗೆ ಹೋಗಲು ಅವಳಿಗೆ ಆಗಲಿಲ್ಲ. ಸಂಜೆ ಅವಳು ಈರುಳ್ಳಿ ಹೆಚ್ಚುತ್ತಿದ್ದರೆ ಅವನು ಎದುರಿಗೆ ಕೂತು ತನ್ನ ಕಥೆಯನ್ನು ಒಪ್ಪಿಸುತ್ತಿದ್ದ. "ತಾತನ್ನ ಬಿಟ್ಬಿಡಿ," ಎನ್ನುತ್ತಿದ್ದಳು. ಮರುದಿನ, "ಆ ಜಗಳದ ಮಾತು ಯಾಕೆ? ಅದರಲ್ಲಿ ನೀವೇ ಗೆದ್ದ ಹಾಗಿದೆ." ಆ ಮೂರು ಪ್ರಶ್ನೆಗಳನ್ನೂ ಅವನ ಬಾಯಿಂದ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿದ್ದು ಅವನ ಗಮನಕ್ಕೇ ಬರಲಿಲ್ಲ.

ಕಲಿತದ್ದನ್ನು ಅವನು ಕೆಲಸಕ್ಕೆ ಹೋದ ಮನೆಗಳಲ್ಲಿ ಪ್ರಯೋಗಿಸಿದ. ಸಿಂಕಿನ ಕೆಳಗೆ ಅಂಗಾತ ಮಲಗಿ, ಕೈಯಲ್ಲಿ ಸ್ಪಾನರ್ ಹಿಡಿದು, ಕಾಣದ ಮುಖಕ್ಕೆ ಸುವಾರ್ತೆ ಸಾರಿದ. ಒಂದು ಮನೆಯ ಅಜ್ಜಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಎಲ್ಲಾ ಚೆನ್ನಾಗಿದೆ ಕಣಪ್ಪ, ನೀರು ಮಾತ್ರ ಇನ್ನೂ ಸೋರ್ತಿದೆ" ಎಂದಳು. ಅವತ್ತು ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದವನು, ಇದು ನನ್ನ ಕೈಲಾಗುವ ಕೆಲಸವಲ್ಲ ಎಂದು ಹೆಂಡತಿಯ ಮುಂದೆ ಕೈಚೆಲ್ಲಿದ.

ಆ ವಾರವೇ ಲಾಂಡ್ರಿಯಲ್ಲಿ ಬೇರೊಂದು ಸಂಗತಿ ನಡೆಯಿತು. ಅವಳ ಪಕ್ಕದ ಮೇಜಿನಲ್ಲಿ ಬಟ್ಟೆ ಮಡಿಸುವ ಹೆಂಗಸೊಬ್ಬಳಿದ್ದಳು. ತವರಿನವರ ಮಾತು ಮೀರಿ ಮದುವೆಯಾಗಿದ್ದಳು. ಈಗ ಗಂಡನೂ ತೀರಿಕೊಂಡಿದ್ದ. ಹೆತ್ತ ತಾಯಿ ಅದೇ ಊರಿನಲ್ಲಿದ್ದೂ ಸಾವಿಗೆ ಬಂದಿರಲಿಲ್ಲ. ಇಸ್ತ್ರಿಯವಳು ಕೆಲವು ತಿಂಗಳಿಂದ ಊಟದ ಹೊತ್ತಿಗೆ ಅವಳ ಪಕ್ಕದಲ್ಲಿ ಕೂರುತ್ತಿದ್ದಳು, ಹೆಚ್ಚು ಮಾತಾಡುತ್ತಿರಲಿಲ್ಲ. ಅವತ್ತು ಇಬ್ಬರೂ ಒಂದು ದುಪ್ಪಟಿಯ ಎರಡು ತುದಿ ಹಿಡಿದು ಮಡಿಸುತ್ತಿದ್ದಾಗ ಮಡಿಸುವವಳೇ ಕೇಳಿದಳು: "ಅಕ್ಕಾ, ಭಾವ ಕುಡೀತಿದ್ದ ದಿನಗಳಲ್ಲಿ ನೀವು ಹೇಗೆ ತಡ್ಕೊಂಡ್ರಿ?"

ದುಪ್ಪಟಿ ಮಡಿಸಿ ಮುಗಿಯುವುದರೊಳಗೆ ಇಸ್ತ್ರಿಯವಳು ತನ್ನ ಕಥೆ ಹೇಳಿ ಮುಗಿಸಿ, ಮನೆಗೆ ಬಾ ಎಂದು ಕರೆದೂ ಆಗಿತ್ತಂತೆ. ಭಾನುವಾರ ಸಂಜೆ ಮಡಿಸುವವಳು ತನ್ನ ಅಕ್ಕಪಕ್ಕದ ಮನೆಯ ಇಬ್ಬರನ್ನು ಕರೆದುಕೊಂಡು ಬಾಗಿಲಿಗೇ ಬಂದಳು.

ಇವರು ಬರುವ ಸುದ್ದಿ ಗೊತ್ತಾಗಿದ್ದೇ ತಡ, ಅವನು ಗಡ್ಡ ಹೆರೆದು, ಒಳ್ಳೆಯ ಅಂಗಿ ತೊಟ್ಟು, ಪಾಸ್ಟರ ಉಪದೇಶದಂಥ ಪ್ರಸಂಗವೊಂದನ್ನು ಮನಸ್ಸಿನಲ್ಲೇ ಕಟ್ಟಿಟ್ಟಿದ್ದ. ಹೆಂಡತಿ ಅಡುಗೆಮನೆಗೆ ಕರೆದು, "ರೀ, ನನಗೆ ಓದೋದು ತಡವರಿಸುತ್ತೆ, ನೀವು ಓದಿ. ಪ್ರಶ್ನೆ ನಾನು ಕೇಳ್ತೀನಿ" ಎಂದಳು. ಅವನು ತಬ್ಬಿಬ್ಬಾದ. ಆದರೂ ಒಪ್ಪಿದ.

ನೂರು ಕುರಿಗಳಲ್ಲಿ ತಪ್ಪಿಹೋದ ಒಂದನ್ನು ಹುಡುಕಿಕೊಂಡು ಕುರುಬ ಹೊರಟ ಭಾಗವನ್ನು ಓದಿದ. ಇದರಲ್ಲಿ ನಿಮಗೇನು ಕಂಡಿತು ಎಂದು ಅವಳು ಕೇಳಿ ಸುಮ್ಮನಾದಳು. ಅವನ ನಾಲಿಗೆ ತುದಿಗೆ ಪ್ರಸಂಗವೇ ಬಂದು ನಿಂತಿತ್ತು. ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಯ ಹಿಮ್ಮಡಿ ಅವನ ಕಾಲ್ಬೆರಳ ಮೇಲೆ ಒತ್ತಿತು. ಕೊನೆಗೆ ಮಡಿಸುವವಳು ನೆಲ ನೋಡುತ್ತಾ ಹೇಳಿದಳು:

"ಬೇಕಾದ್ರೆ ಅವಳೇ ಬರ್ತಾಳೆ ಅಂತ ನಮ್ಮಮ್ಮ ಕಾಯ್ತಾ ಕೂತ್ಲು. ಬೇಕಾದ್ರೆ ಅಮ್ಮನೇ ಬರಲಿ ಅಂತ ನಾನೂ ಕೂತೆ. ಈ ಕುರುಬ ಕೂರಲಿಲ್ಲ. ಎದ್ದು ಹೋದ."

ಬಾಯಿಬಡುಕ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡ. ತಾನು ಕಟ್ಟಿಟ್ಟ ಪ್ರಸಂಗದಲ್ಲಿ ಇಂಥದ್ದೊಂದು ಮಾತಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಹೆಂಗಸನ್ನು ಹೊಸಬಳೆಂಬಂತೆ ತಿರುಗಿ ನೋಡಿದ.

ಹಾಗಾದರೆ ಏನು ಮಾಡುತ್ತೀಯ ಎಂದು ಇಸ್ತ್ರಿಯವಳು ಮೆಲ್ಲಗೆ ಕೇಳಿದಳು. ಮುಂದಿನ ವಾರ ಮಡಿಸುವವಳು ಬಂದು, ತಾಯಿಯ ಮನೆಗೆ ಹೋಗಿದ್ದೆ, ಬಾಗಿಲು ತೆರೆಯಲಿಲ್ಲ ಎಂದಳು. ಅದರ ಮುಂದಿನ ವಾರ, ತೆರೆದಳು ಆದರೆ ಮಾತಾಡಲಿಲ್ಲ ಎಂದಳು. ಪ್ರತಿ ಸಲವೂ ಎಲ್ಲರೂ ಕೂಡಿ ಪ್ರಾರ್ಥಿಸಿದರು. ಬರುವವರು ಹೆಚ್ಚಿದರು, ಚಪ್ಪಲಿಗಳು ಮೆಟ್ಟಿಲಿಳಿದು ಬೀದಿಗೆ ಬಂದವು.

ನಾನೂ ಯೇಸುವನ್ನು ನಂಬುತ್ತೇನೆಂದು ಮಡಿಸುವವಳು ದೀಕ್ಷಾಸ್ನಾನ ಕೇಳಿದಾಗ ಅವನು ಪಾಸ್ಟರ ಹತ್ತಿರ ಓಡಿದ. ಇನ್ನು ಇದನ್ನು ನೀವೇ ವಹಿಸಿಕೊಳ್ಳಿ ಎಂದ. ಪಾಸ್ಟರು ಬಂದರು, ದೀಕ್ಷಾಸ್ನಾನ ಕೊಟ್ಟರು. ಸಂಜೆ ಕೂಟದಲ್ಲಿ ಕುರ್ಚಿ ಬೇಡವೆಂದು ಬಾಗಿಲ ಬಳಿ ನೆಲದ ಮೇಲೆ ಕೂತು ಕೊನೆಯವರೆಗೂ ಕೇಳಿದರು. ಆಮೇಲೆ ಎದ್ದು ನಿಂತು, ಉಸಿರು ಸುಧಾರಿಸಿಕೊಂಡು, "ಇದಕ್ಕೆ ನನ್ನ ಅಗತ್ಯ ಇಲ್ಲಮ್ಮ. ಇದು ಆಗಲೇ ಕರ್ತನ ಸಭೆ" ಎಂದು ಗಂಡ ಹೆಂಡತಿ ಇಬ್ಬರ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥಿಸಿದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಚಳಿ ಕಳೆಯುವ ಹೊತ್ತಿಗೆ ಮಡಿಸುವವಳ ತಾಯಿ ಮಾತಾಡಿದಳು. ಮಗಳು ಯಾಕೆ ಇಷ್ಟು ಸಲ ಬಂದಳೆಂದು ತಿಳಿಯುವ ಆಸೆ ಅವಳಿಗೆ. ಆ ಮನೆಯಲ್ಲಿ ಕೂಟ ಶುರುವಾದಾಗ ಮಡಿಸುವವಳು, ಅಕ್ಕಾ ನೀವೇ ನಡೆಸಿಕೊಡಿ ಎಂದು ಬೇಡಿಕೊಂಡಳು. ಇಸ್ತ್ರಿಯವಳು ಒಪ್ಪಲಿಲ್ಲ. "ನಿಮ್ಮಮ್ಮ ಕಾದಿದ್ದು ನಿನ್ನನ್ನ" ಎಂದಳಷ್ಟೇ.

ಮೊದಲ ದಿನ ಗಂಡ ಹೆಂಡತಿ ಆ ಮನೆಯ ಹಿಂದಿನ ಗೋಡೆಗೆ ಒರಗಿ ಕೂತಿದ್ದರು. ಮಡಿಸುವವಳು ಸತ್ಯವೇದ ತೆರೆದು ತಡೆತಡೆದು ಓದತೊಡಗಿದಳು. ಪಕ್ಕದಲ್ಲಿದ್ದ ತಾಯಿ ಪುಸ್ತಕದ ಇನ್ನೊಂದು ಅಂಚನ್ನು ಹಿಡಿದುಕೊಂಡಳು.