ಎದುರಿಗೆ ಬರುವ ಲಾರಿ

ರಿಮೋಟಿನ ಕಡ್ಡಿಯನ್ನು ಬಲಕ್ಕೆ ನೂಕಿದರೆ ಆಟಿಕೆ ಲಾರಿ ಎಡಕ್ಕೆ ಹೊರಳಿತು. ಎಡಕ್ಕೆ ನೂಕಿದರೆ ಬಲಕ್ಕೆ ಹೊರಳಿ, ರೇಡಿಯೋ ರಿಪೇರಿಯವನ ಮೇಜಿನ ಕಾಲಿಗೆ ಮೂತಿ ಗುದ್ದಿಕೊಂಡಿತು.

"ಸರಿಹೋಯ್ತು," ಎಂದ ರಿಪೇರಿಯವನು. "ಒಂದು ಗೀರೂ ಬೀಳದ ಹಾಗೆ ಲಾರಿ ಓಡಿಸಿದವರ ಮನೇಲಿ ಇಂಥ ಲಾರಿ. ಇದಕ್ಕೆ ಲೈಸೆನ್ಸ್ ಕೊಟ್ಟವನು ಯಾರಣ್ಣಾ?"

"ನಿನ್ನಂಥವನೇ ಯಾರೋ ಕೊಟ್ಟಿರಬೇಕು. ಬಿಚ್ಚು," ಎಂದ ಡ್ರೈವರ್.

ಬಿಚ್ಚುವುದು ಇಬ್ಬರಿಗೂ ರೂಢಿಯಾಗಿಬಿಟ್ಟಿತ್ತು. ಅಟ್ಟದಿಂದ ಇಳಿದಾಗ ಲಾರಿಯಲ್ಲಿ ಜೀವವೇ ಇರಲಿಲ್ಲ. ಹಳೆಯ ಸೆಲ್ಲುಗಳು ಒಳಗೇ ಸೋರಿ ತಗಡಿನ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಡ್ರೈವರ್ ಅದನ್ನು ಉಜ್ಜಿ ಉಜ್ಜಿ ಹೊಳಪು ತಂದ. ಮುರಿದ ಆಂಟೆನಾದ ಜಾಗಕ್ಕೆ ಹಳೆಯ ಕೊಡೆಯ ಕಡ್ಡಿ ಸಿಕ್ಕಿಸಿದ. ಹಲ್ಲು ಉದುರಿದ ಗೇರೊಂದನ್ನು ಬೇರೊಂದು ಆಟಿಕೆಯಿಂದ ಕಿತ್ತು ತಂದು ಕೂರಿಸಿದ. ಆದರೂ ಲಾರಿ ಒಂದು ಮಾರು ಓಡಿ, ಚಳಿಜ್ವರ ಬಂದವರಂತೆ ನಡುಗಿ ನಿಲ್ಲುತ್ತಿತ್ತು. ಆಗಲೇ ಅವನು ಈ ಅಂಗಡಿಯ ಮೆಟ್ಟಿಲು ಹತ್ತಿದ್ದು.

"ಮೋಟಾರಿಗೆ ಕಟ್ಟಿರೋ ಈ ಚಿಕ್ಕ ಬಿಲ್ಲೆ ಹೋಗಿದೆ," ಎಂದು ರಿಪೇರಿಯವನು ಅಂದೇ ಪತ್ತೆ ಹಚ್ಚಿದ್ದ. "ಇದಿಲ್ಲದಿದ್ರೆ ತನ್ನ ಮೋಟಾರಿನ ಗದ್ದಲದಲ್ಲಿ ಲಾರಿಗೆ ರಿಮೋಟ್ ಹೇಳೋದು ಕೇಳಿಸೋದೇ ಇಲ್ಲ. ಗಂಡಸರ ಜಾತಿ ಅನ್ಕೊಳ್ಳಿ." ಹೊಸ ಬಿಲ್ಲೆ ಬೆಸೆದ ಮೇಲೆ ಲಾರಿ ಸಲೀಸಾಗಿ ಓಡಿತು. ಉಳಿದದ್ದು ಈ ಎಡಬಲದ ತಕರಾರೊಂದೇ.

ಮುಂದಿನ ಚಕ್ರಗಳನ್ನು ತಿರುಗಿಸುವ ಪುಟ್ಟ ಮೋಟಾರಿನ ಎರಡು ವೈರುಗಳನ್ನು ಯಾರೋ ಕತ್ತರಿಸಿ, ಒಂದರ ಜಾಗಕ್ಕೆ ಇನ್ನೊಂದನ್ನು ಹೊಸೆದಿದ್ದರು. ಬೆಸುಗೆಯಿಲ್ಲ. ಗಂಟು ಬಿಚ್ಚದ ಹಾಗೆ ಮೇಲೆ ನೀಲಿ ಹೊಲಿಗೆ ದಾರ ಸುತ್ತಿದ್ದರು.

"ಇದ್ಯಾರೋ ಗುಂಡಿ ಹೊಲಿಯೋರು ಮಾಡಿದ ಕೆಲಸ," ಎಂದು ರಿಪೇರಿಯವನು ನಕ್ಕ. ಡ್ರೈವರೂ ನಕ್ಕ. ದಾರವನ್ನು ಕತ್ತರಿಸಿ, ವೈರುಗಳನ್ನು ಸರಿಯಾದ ಜಾಗಕ್ಕೆ ತಾನೇ ಬೆಸೆದ. ಲಾರಿಯ ಹಿಂದೆ ನಿಂತು ಕಡ್ಡಿಯನ್ನು ಬಲಕ್ಕೆ ನೂಕಿದ. ಬಲಕ್ಕೇ ಹೋಯಿತು.

ಈ ಲಾರಿಯನ್ನು ಅವನು ಮಗಳಿಗೆಂದು ದೂರದ ಬಂದರಿನಿಂದ ತಂದಿದ್ದ. ಕಾಲುಗಳ ಬಲ ಹೋಗಿ ಅವಳು ಹಾಸಿಗೆ ಹಿಡಿದಿದ್ದ ಕಾಲ ಅದು. ಅಪ್ಪನ ಲಾರಿಯದೇ ಕೆಂಪು ಬಣ್ಣ ಎಂದು ಹುಡುಕಿ ತಂದು, ಕೈಗಿಟ್ಟು, ಮರುದಿನ ಬೆಳಗಾಗುತ್ತಲೇ ಲೋಡಿಗೆ ಹೊರಟಿದ್ದ. ಔಷಧಿ ಅಂಗಡಿಗೆ ದುಡ್ಡು ಸುರಿಯಬೇಕಿತ್ತಲ್ಲ, ಓಡಿಸದೆ ವಿಧಿಯಿರಲಿಲ್ಲ. ಮಗಳು ಕಣ್ಣು ಮುಚ್ಚಿದಾಗಲೂ ಅವನು ಯಾವುದೋ ಘಾಟಿಯ ತಿರುವಿನಲ್ಲಿದ್ದ.

ಅದಕ್ಕಾಗಿ ಹೆಂಡತಿ ಅವನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಮನೆಯಲ್ಲಿ ಹಾಲಿನ ಮಾತಿತ್ತು, ನಲ್ಲಿಯ ಮಾತಿತ್ತು, ಪಕ್ಕದ ಮನೆಯವರ ಜಗಳದ ಮಾತಿತ್ತು. ಮಗಳ ಮಾತು ಮಾತ್ರ ಇರಲಿಲ್ಲ. ಅವನು ಎತ್ತಿದರೆ ಅವಳು ಒಲೆಯ ಮೇಲೆ ಏನೋ ಇದೆಯೆಂದು ಎದ್ದು ಹೋಗುತ್ತಿದ್ದಳು. ಮೊನ್ನೆ ಸುಣ್ಣಬಣ್ಣಕ್ಕೆಂದು ಅಟ್ಟ ಖಾಲಿ ಮಾಡುವಾಗ ಲಾರಿ ಸಿಕ್ಕಿತು. ಅಂಗೈಯಿಂದ ಧೂಳು ಒರೆಸುತ್ತಾ ಅವಳು ಬಹಳ ಹೊತ್ತು ನಿಂತೇ ಇದ್ದಳು. "ಗುಜರಿಗೆ ಹಾಕೋದಾ?" ಎಂದು ಕೇಳಿದ. "ಇರಲಿ," ಎಂದಳು. ಆ ಒಂದು ಮಾತನ್ನೇ ಹಿಡಿದುಕೊಂಡು ಅವನು ಕೆಲಸಕ್ಕೆ ಕೂತಿದ್ದ. ಲಾರಿ ಓಡಿದರೆ ಅವಳ ಬಾಯಿಂದ ಮಗಳ ಒಂದು ಮಾತಾದರೂ ಬಂದೀತು ಎಂಬುದು ಅವನ ಆಸೆ.

ಮನೆಗೆ ಬಂದಾಗ ಅವಳು ಬಟ್ಟೆ ಮಡಿಸುತ್ತಿದ್ದಳು. ಅವನು ಲಾರಿಯನ್ನು ಅಡುಗೆಮನೆಯ ಹೊಸ್ತಿಲ ಬಳಿ ಇಟ್ಟು ರಿಮೋಟನ್ನು ಅವಳ ಮುಂದೆ ಹಿಡಿದ.

"ಓಡುತ್ತಾ?"

"ನೀನೇ ನೋಡು."

ಅವಳು ಲಾರಿಯ ಹತ್ತಿರ ಹೋಗಲಿಲ್ಲ. ಕೋಣೆಯ ಆಚೆ ಮೂಲೆಗೆ, ಮಗಳ ಮಂಚವಿದ್ದ ಜಾಗಕ್ಕೆ ಹೋಗಿ ನೆಲದ ಮೇಲೆ ಕೂತಳು. ರಿಮೋಟನ್ನು ನೋಡದೆಯೇ ಹೆಬ್ಬೆರಳು ಇಟ್ಟಳು. ಲಾರಿ ಗುರ್ರೆನ್ನುತ್ತಾ ಅವಳ ಕಡೆ ಹೊರಟಿತು. ಅವಳ ಮುಖದಲ್ಲಿ ಏನೋ ಸಡಿಲವಾದದ್ದನ್ನು ಅವನು ಕಂಡ. ಕುರ್ಚಿ ತಪ್ಪಿಸಲೆಂದು ಅವಳು ಕಡ್ಡಿ ಒತ್ತಿದಳು; ಲಾರಿ ನೇರ ಕುರ್ಚಿಗೇ ಹೋಗಿ ಬಡಿದು ಮಗುಚಿ ಬಿತ್ತು.

"ಉಲ್ಟಾ ಹೋಗ್ತಿದೆ ರೀ."

"ಉಲ್ಟಾ ಇದ್ದಿದ್ದು ಮೊದಲು. ಯಾವ ಪುಣ್ಯಾತ್ಮರೋ ವೈರು ಅದಲುಬದಲು ಮಾಡಿ ದಾರ ಸುತ್ತಿದ್ರು. ಅದನ್ನ ಕಿತ್ತು ಸರಿಯಾಗಿ ಬೆಸೆದೆ."

"ನಾನೇ ಸುತ್ತಿದ್ದು."

ಲಾರಿಯ ಚಕ್ರಗಳು ಗಾಳಿಯಲ್ಲಿ ತಿರುಗುತ್ತಲೇ ಇದ್ದವು. ಅವಳು ಹೆಬ್ಬೆರಳು ತೆಗೆದಳು.

"ಅವಳು ಇಲ್ಲಿ ಮಲಗಿರ್ತಿದ್ಲು. ಲಾರಿ ಯಾವಾಗ್ಲೂ ಅಲ್ಲಿಂದ ಅವಳ ಎದುರಿಗೆ ಬರೋದು. ಬಲಕ್ಕೆ ಒತ್ತಿದ್ರೆ ಅದು ತನ್ನ ಬಲಕ್ಕೆ ಹೋಗೋದು, ಅವಳ ಬಲಕ್ಕಲ್ಲ. ಮೊದಲ ದಿನ ಪೂರ್ತಿ ಗೋಡೆಗೆ ಹೊಡೆಸಿ ಹೊಡೆಸಿ ಅತ್ತಳು. ಅಪ್ಪ ಬಂದ್ರೆ ಸರಿಮಾಡ್ತಾರೆ ಅಂತ ಹೇಳಿದೆ. ನೀವು ಬರೋದು ಯಾವಾಗ್ಲೋ. ಒಳಗೆ ನೋಡಿದ್ರೆ ಮುಂದಿನ ಚಕ್ರದ ಹತ್ತಿರ ಎರಡೇ ವೈರು. ಕತ್ತರಿಸಿ ಅದಲುಬದಲು ಮಾಡಿದೆ. ಆಮೇಲೆ ಒಂದು ಸಲಾನೂ ಗೋಡೆಗೆ ತಾಗಿಸಲಿಲ್ಲ ಅವಳು."

ಇಷ್ಟು ವರ್ಷಗಳಲ್ಲಿ ಮಗಳ ಬಗ್ಗೆ ಅವಳು ಆಡಿದ ಅತಿ ಉದ್ದದ ಮಾತು ಇದು. ಊರೂರು ಲಾರಿ ಓಡಿಸಿದವನಿಗೆ ಎಡ ಎಂದರೆ ಸ್ಟಿಯರಿಂಗ್ ಹಿಡಿದು ಕೂತವನ ಎಡ. ಕಾಯುವವರ ಕಣ್ಣಿಗೆ ಲಾರಿ ಹೇಗೆ ಬರುತ್ತದೆಂದು ನೋಡುವ ಸಂದರ್ಭ ಅವನಿಗೆ ಬಂದಿರಲಿಲ್ಲ.

"ಒಂದು ಗಳಿಗೆ ಕೆಲಸ," ಎಂದ. "ಮತ್ತೆ ಮೊದಲಿನ ಹಾಗೇ ಮಾಡ್ಕೊಡ್ತೀನಿ."

"ಯಾರಿಗೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಟ್ಟೆ ಇಡುವಾಗ ಊಟಕ್ಕೆ ಯಾರಿದ್ದಾರೆಂದು ಕೇಳುವ ಹಾಗಿತ್ತು. ಅವನು ಹೋಗಿ ಅವಳ ಪಕ್ಕದಲ್ಲಿ ಗೋಡೆಗೆ ಒರಗಿ ಕೂತ. ಮೊಣಕಾಲು ಲಟಕ್ಕೆಂದಿತು. ಅವಳ ಕೈಯಿಂದ ಮೆಲ್ಲಗೆ ರಿಮೋಟು ತೆಗೆದುಕೊಂಡ.

"ಲಾರೀಲಿ ಏನಾದ್ರೂ ತರಿಸ್ಕೊಳ್ತಿದ್ಲಾ?"

"ಹೂಂ. ಬಾಚಣಿಗೆ. ಮಾತ್ರೆ. ಏನೂ ಬೇಡದಿದ್ರೆ ಒಂದು ನಿಂಬೆಹಣ್ಣು ಕಳಿಸಮ್ಮ ಅನ್ನೋಳು, ಸುಮ್ನೆ. ಇಳಿಸ್ಕೊಂಡ ಮೇಲೆ ಲಾರೀನ ನಾನೇ ಎತ್ಕೊಂಡು ಹೋಗ್ಬೇಕು."

"ಕಳಿಸು."

ಅವಳು ಅವನನ್ನು ನೋಡಿದಳು. ಎದ್ದು ಹೋಗಿ, ಮಗುಚಿದ ಲಾರಿಯನ್ನು ಎತ್ತಿ ಹೊಸ್ತಿಲಲ್ಲಿಟ್ಟು, ಒಂದು ನಿಂಬೆಹಣ್ಣು ತಂದು ಹೇರಿದಳು. ಲಾರಿ ಹೊರಟಿತು. ಕುರ್ಚಿ ಹತ್ತಿರವಾದಂತೆ ಅವನ ಹೆಬ್ಬೆರಳು ತಡವರಿಸಿತು, ತಪ್ಪು ಕಡೆಗೇ ಹೋಯಿತು. ನಿಂಬೆಹಣ್ಣು ಉರುಳಿ ಬಾಗಿಲ ಸಂದಿಗೆ ಸೇರಿತು.

ಅವಳು ಬಗ್ಗಿ ಅದನ್ನು ಹೆಕ್ಕಿಕೊಂಡಳು, ಲಾರಿಯನ್ನೂ ಎತ್ತಿಕೊಂಡಳು. ಹೊಸ್ತಿಲಿಗೆ ಹೋಗಿ, ಅದರ ಮೂತಿಯನ್ನು ಮತ್ತೆ ಅವನ ಕಡೆಗೆ ತಿರುಗಿಸಿ ಇಟ್ಟಳು.